ಸ್ವಲೀನ ಮಕ್ಕಳ ನುಡಿಯಲ್ಲಿ ಪುರುಷವಾಚಕ ಸರ್ವನಾಮಗಳು

೧

ಈಗಿನ ಸೇಡಂ ತಾಲ್ಲೂಕಿನ ಮಳಖೇಡವೇ ಪೂರ್ವದ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಇದೆ. ಕಾಗಿಣಾ ನದಿಯ ದಡದ ಆ ರಾಷ್ಟ್ರಕೂಟ ರಾಜಧಾನಿಯಲ್ಲಿ, ಕ್ರಿ. ಶ. ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ ಕವಿರಾಜಮಾರ್ಗವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಮೊದಲನೆಯದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ವರ್ಣಿಸಿ, ಅಲ್ಲಿಯ ಜನರ ನುಡಿಜಾಣ್ಮೆಯನ್ನು ಕೊಂಡಾಡುವ ಅದರ ಪದ್ಯಗಳನ್ನು ನಾವೆಲ್ಲರೂ ತರಗತಿಗಳಲ್ಲಿ ವಿವರಿಸಿದ್ದೇವೆ. ಆ ಪದ್ಯಗಳ ನೆರೆಯಲ್ಲಿಯೇ ಇನ್ನೊಂದು ಮಾತು ಇದೆ. ಓದಿದವರು ಮಾತ್ರವೇ ಅಲ್ಲ, ಉಳಿದವರೂ ತಂತಮ್ಮ ನುಡಿಯಲ್ಲಿ ಜಾಣರೇ. ಕಿರಿಯ ಮಕ್ಕಳೂ ಮೂಗರೂ ಕೂಡ ತಿಳಿಸಿಕೊಟ್ಟರೆ ವಿವೇಕವನ್ನೂ ಮಾತನ್ನೂ ಅರಿಯಬಲ್ಲರು ಎಂಬುದು ಅದರ ತಾತ್ಪರ್ಯ.

ಪ್ರಕೃತ ಲೇಖನವು ಮಾತು ಇದ್ದೂ ಮೂಗರಂತೆ ಎಣಿಸಲ್ಪಡುವ ಮಕ್ಕಳನ್ನು ಕುರಿತದ್ದು. ಆಟಿಸಂ ಎಂಬ ಹೆಸರಿನಿಂದಲೂ ಸ್ವಲೀನತೆಯೆಂಬ ಹೆಸರಿನಿಂದಲೂ ಕರೆಯಲ್ಪಡುವ ಸ್ಥಿತಿಯು ಎಳವೆಯಿಂದಲೇ ತೋರತೊಡಗುವ ಮಿದುಳಿನ ಬೆಳವಣಿಗೆಯ ಒಂದು ಭೇದ. ಇತರರೊಡನೆ ಒಡನಾಡುವ ಬಗೆ, ಮಾತು, ಆಸಕ್ತಿಗಳು, ಇಂದ್ರಿಯಗಳ ಅನುಭವ ಇವೆಲ್ಲವುಗಳಲ್ಲಿಯೂ ಅದರ ಛಾಯೆ ಕಾಣುವುದು. ಕೆಲವು ಮಕ್ಕಳು ಮಾತನ್ನೇ ಆಡರು. ಕೆಲವರು ನಿರರ್ಗಳವಾಗಿ ಆಡುವರು. ಮಾತು ಬಂದವರಲ್ಲಿ ಕೆಲವರು ‘ನಾನು’ ಎನ್ನಬೇಕಾದ ಕಡೆ ‘ನೀನು’ ಎಂದೂ, ‘ನೀನು’ ಎನ್ನಬೇಕಾದ ಕಡೆ ‘ನಾನು’ ಎಂದೂ, ಇಲ್ಲವೆ ಎರಡನ್ನೂ ಬಿಟ್ಟು ತಮ್ಮ ಹೆಸರನ್ನೇ ಹಿಡಿದೂ ನುಡಿಯುವರು. ಈ ಪುರುಷಪಲ್ಲಟದ ಕಾರಣವನ್ನು ವೈದ್ಯರೂ ಭಾಷಾಶಾಸ್ತ್ರಜ್ಞರೂ ಎಂಟು ದಶಕಗಳಿಂದ ವಿಚಾರಿಸುತ್ತಿದ್ದಾರೆ. ಅದನ್ನು ಕನ್ನಡದ ಮಟ್ಟಿಗೆ, ವಿಶೇಷವಾಗಿ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಆಡುನುಡಿಯ ಮಟ್ಟಿಗೆ, ಹೇಗೆ ಗ್ರಹಿಸಬೇಕೆಂಬುದೇ ಇಲ್ಲಿಯ ಪ್ರಶ್ನೆ.

ವಿಷಯವು ಕೇವಲ ವ್ಯಾಕರಣದ್ದಲ್ಲವೆಂಬುದಕ್ಕೆ ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಬಾಲಕನು ಗುರುಗಳ ಮೇಜಿನ ಬಳಿಗೆ ಬಂದು, ‘ನಿನಗ ನೀರು ಬೇಕೇನು?’ ಎನ್ನುವನು. ‘ಬ್ಯಾಡಪ್ಪ, ಹೋಗಿ ಕುಂದ್ರು’ ಎಂದು ಗುರುಗಳು ಉತ್ತರ ಕೊಡುವರು. ಪ್ರಶ್ನೆಯಲ್ಲಿ ವ್ಯಾಕರಣದೋಷವಿಲ್ಲ, ಉತ್ತರದಲ್ಲಿ ಕಾಠಿಣ್ಯವಿಲ್ಲ. ಆದರೂ ಬಾಯಾರಿದ ಬಾಲಕನು ಬಾಯಾರಿಯೇ ಹಿಂದಿರುಗುವನು. ಅವನು ಕೇಳಿದ್ದು ತನಗೆ ನೀರು. ಮನೆಯಲ್ಲಿ ನೀರು ಕೊಡುವ ಮೊದಲು ಅವ್ವನು ಆಡುವ ಮಾತನ್ನೇ ಅವನು ಇಲ್ಲಿ ತಂದಿಟ್ಟನು.

೨

ಈ ಸ್ಥಿತಿಯನ್ನು ಒಂದು ಪ್ರತ್ಯೇಕ ಲಕ್ಷಣಸಮುದಾಯವೆಂದು ವಿವರಿಸಿ ಪ್ರಸಿದ್ಧಿಗೆ ತಂದ ಪ್ರಬಂಧವು ೧೯೪೩ರಲ್ಲಿ ಹೊರಬಂದಿತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿದ್ದ ವೈದ್ಯ ಲಿಯೋ ಕ್ಯಾನರನು ಅದರಲ್ಲಿ ೧೧ ಮಕ್ಕಳ ವೃತ್ತಾಂತಗಳನ್ನು ಬರೆದನು. ಅವರಲ್ಲಿ ೮ ಮಂದಿಗೆ ಮಾತು ಬಂದಿತ್ತು, ೩ ಮಂದಿಗೆ ಬಂದಿರಲಿಲ್ಲ. ಮಾತು ಬಂದವರು ಸರ್ವನಾಮಗಳನ್ನು ಕಿವಿಗೆ ಬಿದ್ದಂತೆಯೇ, ಸಂದರ್ಭವು ಬದಲಾದರೂ ತಾವು ಬದಲಿಸದೆ, ಮತ್ತೆ ನುಡಿಯುತ್ತಿದ್ದರೆಂದು ಅವನು ಗುರುತಿಸಿದನು. ಒಪ್ಪಿಗೆಯನ್ನು ಸೂಚಿಸಬೇಕಾದಾಗ ‘ಹೌದು’ ಎನ್ನುವುದಕ್ಕೆ ಬದಲಾಗಿ ಕೇಳಿದ ಪ್ರಶ್ನೆಯನ್ನೇ ಅವರು ಮರಳಿ ಹೇಳುತ್ತಿದ್ದರೆಂಬುದನ್ನೂ ಬರೆದಿಟ್ಟನು. ಹೀಗೆ ಕೇಳಿದುದನ್ನು ಕೇಳಿದಂತೆಯೇ ಒಡನೆಯೋ ಎಷ್ಟೋ ದಿನಗಳ ಮೇಲೋ ಆಡುವುದನ್ನು ನಾವು ಇಲ್ಲಿ ‘ಮಾರ್ದನಿ’ಯೆಂದು ಕರೆಯುವೆವು.

ಸರ್ವನಾಮಗಳೇ ಏಕೆ ತೊಡಕಾಗಬೇಕು? ‘ಮರ’, ‘ಎತ್ತು’, ‘ರೊಟ್ಟಿ’ ಎಂಬ ಶಬ್ದಗಳನ್ನು ಯಾರು ಆಡಿದರೂ ಅರ್ಥವು ಕದಲದು. ‘ನಾನು’ ಎಂಬುದರ ಅರ್ಥವಾದರೋ ಆಡುವ ಬಾಯಿಯೊಡನೆ ಬದಲಾಗುವುದು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್ಸನನು ೧೯೨೨ರಲ್ಲಿ ಇಂತಹ ಶಬ್ದಗಳಿಗೆ ‘ಪಲ್ಲಟಗೊಳ್ಳುವವು’ ಎಂಬರ್ಥದ ಹೆಸರನ್ನು ಕೊಟ್ಟು, ಮಕ್ಕಳಿಗೆ ಅವು ಎಷ್ಟು ಕಠಿಣವೆಂಬುದನ್ನು ಹೇಳಿದನು. ರೋಮನ್ ಯಾಕಬ್ಸನನು ೧೯೫೭ರಲ್ಲಿ ಅದೇ ಹೆಸರಿನಿಂದ ಈ ವರ್ಗವನ್ನು ವಿಸ್ತಾರವಾಗಿ ಪರಿಶೀಲಿಸಿದನು. ಮಗುವನ್ನು ಎಲ್ಲರೂ ‘ನೀನು’ ಎನ್ನುವರು. ಆದರೆ ಮಗುವು ತನ್ನನ್ನು ‘ನೀನು’ ಎನ್ನಬಾರದು. ಎಲ್ಲರೂ ತಮ್ಮನ್ನು ‘ನಾನು’ ಎನ್ನುವರು. ಆದರೆ ಮಗುವು ಅವರನ್ನು ‘ನಾನು’ ಎನ್ನಬಾರದು. ಕೇಳಿದಂತೆ ಹೇಳುವುದೇ ನುಡಿಗಲಿಕೆಯ ಮೊದಲ ಮೆಟ್ಟಲಾಗಿರಲು, ಈ ಎರಡು ಶಬ್ದಗಳಲ್ಲಿ ಮಾತ್ರ ಕೇಳಿದಂತೆ ಹೇಳಿದರೆ ತಪ್ಪಾಗುವುದು!

ಆದುದರಿಂದ ಸ್ವಲೀನರಲ್ಲದ ಮಕ್ಕಳಲ್ಲಿಯೂ ಕೆಲವರು ಎರಡು ಮೂರು ವರ್ಷಗಳ ಪ್ರಾಯದಲ್ಲಿ ಸ್ವಲ್ಪ ಕಾಲ ಹೀಗೆಯೇ ತಪ್ಪುವರು. ಹುಟ್ಟುಕುರುಡರಾದ ಮಕ್ಕಳಲ್ಲಿಯೂ ಇದು ಕಂಡುಬಂದಿದೆ. ಅಮೆರಿಕದ ಕಿವುಡರ ಸಂಜ್ಞಾಭಾಷೆಯಲ್ಲಿ ಎದೆಯತ್ತ ಬೆರಳಿಟ್ಟರೆ ‘ನಾನು’, ಎದುರಿಗಿದ್ದವರತ್ತ ತೋರಿದರೆ ‘ನೀನು’. ಅಲ್ಲಿಯೂ ಸ್ವಲೀನತೆಯಿಲ್ಲದ ಮಗುವು ಒಂದು ಹಂತದಲ್ಲಿ ಇವೆರಡನ್ನು ತಿರುವುಮುರುವು ಮಾಡುವುದನ್ನು ಲಾರಾ ಪೆಟಿಟೋ ೧೯೮೭ರಲ್ಲಿ ವಿವರಿಸಿದಳು. ಆದುದರಿಂದ ಪಲ್ಲಟವೊಂದರಿಂದಲೇ ಯಾವ ಮಗುವನ್ನೂ ಸ್ವಲೀನವೆಂದು ನಿರ್ಣಯಿಸಲಾಗದು. ಸ್ವಲೀನ ಮಕ್ಕಳೆಲ್ಲರಲ್ಲಿಯೂ ಅದು ಇರುವುದಿಲ್ಲ. ಇದ್ದವರಲ್ಲಿಯೂ ಒಂದು ಸಲ ಸರಿಯಾಗಿಯೂ ಇನ್ನೊಂದು ಸಲ ತಪ್ಪಾಗಿಯೂ ಬರುವುದು.

೩

ಪಲ್ಲಟದ ಕಾರಣವನ್ನು ಹೇಳಹೊರಟವರಲ್ಲಿ ಒಂದು ಪಂಗಡವು ಬಹಳ ಕೇಡನ್ನು ಮಾಡಿತು. ಬ್ರೂನೋ ಬೆಟಲ್‌ಹೈಮನು ೧೯೬೭ರ ತನ್ನ ಗ್ರಂಥದಲ್ಲಿ, ಈ ಮಕ್ಕಳು ‘ನಾನು’ ಎಂಬ ಶಬ್ದವನ್ನು ಬೇಕೆಂದೇ ವರ್ಜಿಸುವರೆಂದೂ, ಅದು ತಮ್ಮ ಅಸ್ತಿತ್ವದ ನಿರಾಕರಣೆಯೆಂದೂ ವಾದಿಸಿ, ಸ್ವಲೀನತೆಯ ಹೊಣೆಯನ್ನು ತಂದೆತಾಯಿಗಳ, ಮುಖ್ಯವಾಗಿ ತಾಯಿಯ, ಶೀತಲ ಮನಸ್ಸಿನ ಮೇಲೆ ಹೊರಿಸಿದನು. ಒಂದು ಸರ್ವನಾಮದ ವ್ಯಾಖ್ಯಾನದಿಂದ ಎಷ್ಟೋ ತಾಯಂದಿರು ತಲೆತಗ್ಗಿಸಬೇಕಾಯಿತು.

೧೯೭೪ರಲ್ಲಿ ಲಾರೆನ್ಸ್ ಬಾರ್ಟಕ್ ಮತ್ತು ಮೈಕೆಲ್ ರಟರ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಈ ವಾದವನ್ನು ಪರೀಕ್ಷೆಗೆ ಒಡ್ಡಿದರು. ಸರ್ವನಾಮಗಳನ್ನು ಚಿಕ್ಕ ವಾಕ್ಯಗಳ ಬೇರೆ ಬೇರೆ ಸ್ಥಾನಗಳಲ್ಲಿರಿಸಿ ಮಕ್ಕಳಿಂದ ಮರುನುಡಿಸಿದಾಗ, ‘ನಾನು’ ಎಂಬುದನ್ನು ಅವರು ವಿಶೇಷವಾಗಿ ತಪ್ಪಿಸುವರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಶಬ್ದವು ವಾಕ್ಯದ ಕೊನೆಯಲ್ಲಿದ್ದರೆ ಅದು ಯಾವ ಸರ್ವನಾಮವೇ ಆಗಲಿ ಉಳಿಯುತ್ತಿತ್ತು, ಮೊದಲಿನಲ್ಲಿದ್ದರೆ ಜಾರಿಹೋಗುತ್ತಿತ್ತು. ಇಂಗ್ಲಿಷಿನಲ್ಲಿ ‘ನಾನು’ ಎಂಬುದು ಸಾಮಾನ್ಯವಾಗಿ ವಾಕ್ಯದ ಮೊದಲಿನಲ್ಲಿಯೇ ನಿಲ್ಲುವುದರಿಂದ ಅದು ಮಕ್ಕಳ ಬಾಯಲ್ಲಿ ವಿರಳವಾಗಿ ತೋರುತ್ತಿತ್ತು. ಅಸ್ತಿತ್ವದ ನಿರಾಕರಣೆಯೆಂದು ತಿಳಿದುದು ವಾಕ್ಯದೊಳಗಿನ ಸ್ಥಾನದ ಪರಿಣಾಮವಾಗಿತ್ತು.

ಮಾರ್ದನಿಯೇ ಅರ್ಥಹೀನವೆಂಬ ಭಾವನೆಯೂ ಬಹುಕಾಲ ನಿಲ್ಲಲಿಲ್ಲ. ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಕನ್ ಎಂಬವರು ೧೯೮೧ರಲ್ಲಿ, ಒಡನೆಯೇ ಬರುವ ಮಾರ್ದನಿಗಳನ್ನು ಅವು ಹುಟ್ಟಿದ ಸಂದರ್ಭದೊಡನೆ ಹೋಲಿಸಿ ನೋಡಿ, ಅವುಗಳಲ್ಲಿ ಸರದಿಯನ್ನು ಉಳಿಸಿಕೊಳ್ಳುವುದು, ಒಪ್ಪಿಗೆ ಕೊಡುವುದು, ಬೇಡುವುದು ಮುಂತಾದ ಪ್ರಯೋಜನಗಳಿರುವುದನ್ನು ತೋರಿಸಿದರು. ಈ ಮಕ್ಕಳಲ್ಲಿ ಅನೇಕರು ನುಡಿಯನ್ನು ಪದಪದವಾಗಿ ಕಟ್ಟದೆ, ಸಂದರ್ಭಕ್ಕೆ ಅಂಟಿದ ಇಡಿಯ ವಾಕ್ಯಗಳಾಗಿ ಎತ್ತಿಕೊಳ್ಳುವರು. ನೀರಿಗೆ ಸಂಬಂಧಿಸಿದ ಇಡಿಯ ವಾಕ್ಯವು ‘ನಿನಗ ನೀರು ಬೇಕೇನು?’ ಎಂದಾಗಿರುವಲ್ಲಿ ಬಾಲಕನು ಅದನ್ನಲ್ಲದೆ ಬೇರೇನನ್ನು ಆಡಬೇಕು?

೪

ಇಷ್ಟು ಹೊರಗಿನ ವಿಚಾರ. ಇನ್ನು ನಮ್ಮ ನುಡಿಗೆ ಬರೋಣ.

ಕನ್ನಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವಾಗ ಅದನ್ನು ಬಹುಮಟ್ಟಿಗೆ ಆಡಿದಂತೆಯೇ ಇರಿಸಿ, ಕೊನೆಯಲ್ಲಿ ‘ಎಂದು’ ಎಂಬುದನ್ನು ಸೇರಿಸುವೆವು. ‘ನಾನು ನಾಳೆ ಬರುತ್ತೇನೆ ಎಂದು ಮಾವನು ಹೇಳಿದನು’ ಎಂಬಲ್ಲಿ ‘ನಾನು’ ಎಂಬುದು ಈಗ ಮಾತಾಡುತ್ತಿರುವವನನ್ನು ಸೂಚಿಸದು, ಮಾವನನ್ನು ಸೂಚಿಸುವುದು. ‘ತಾನು ಬರುವೆನೆಂದನು’ ಎಂಬ ಪ್ರಯೋಗದಲ್ಲಂತೂ ಕರ್ತೃಪದವು ಪ್ರಥಮಪುರುಷಕ್ಕೆ ತಿರುಗಿದರೂ ಕ್ರಿಯಾಪದವು ಉತ್ತಮಪುರುಷದಲ್ಲಿಯೇ ನಿಂತಿದೆ. ಸೇಡಂ ಸೀಮೆಯ ಆಡುನುಡಿಯಲ್ಲಿ ‘ಎಂದು’ ಎಂಬುದರ ಸ್ಥಾನದಲ್ಲಿ ‘ಅಂತ’ ಇರುವುದು: ‘ನಾ ನಾಳಿ ಬರ್ತೀನಿ ಅಂತ ಮಾವ ಅಂದ’. ಪುರುಷಪಲ್ಲಟವು ಕನ್ನಡಕ್ಕೆ ಹೊಸತಲ್ಲ. ನಾವೆಲ್ಲರೂ ದಿನದಿನವೂ ಇನ್ನೊಬ್ಬರ ‘ನಾನು’ವನ್ನು ನಮ್ಮ ಬಾಯಿಂದ ಆಡುತ್ತಿರುವೆವು. ಆಡುವುದಕ್ಕೆ ನಮಗೆ ಅನುಮತಿಯನ್ನು ಕೊಡುವುದು ಆ ಒಂದು ಅವ್ಯಯ.

ಈ ದೃಷ್ಟಿಯಿಂದ ನೋಡಿದರೆ ಬಾಲಕನ ಮಾತಿನ ಸ್ವರೂಪವು ವಿಶದವಾಗುವುದು. ‘ನಿನಗ ನೀರು ಬೇಕೇನು?’ ಎಂಬುದು ಒಂದು ಉದ್ಧರಣ. ‘ಅವ್ವ ನನಗೆ ನೀರು ಕೊಡುವಾಗ “ನಿನಗ ನೀರು ಬೇಕೇನು?” ಅಂತ ಕೇಳುವಳಲ್ಲ, ಅದು’ ಎಂಬುದು ಅದರ ಪೂರ್ಣರೂಪ. ಅದರಲ್ಲಿ ಲೋಪವಾಗಿರುವುದು ‘ನಾನು’ ಎಂಬ ಅರಿವಲ್ಲ. ‘ಅಂತ’ ಎಂಬ ಗುರುತು. ಲೋಪವಾದ ಪದವನ್ನು ಅಧ್ಯಾಹಾರ ಮಾಡಿಕೊಂಡು ಅನ್ವಯಿಸುವುದು ಕಾವ್ಯಪಾಠ ಹೇಳುವವರಿಗೆಲ್ಲ ರೂಢಿಯಾದ ಕೆಲಸ. ಹಳೆಯ ಕವಿಗೆ ನಾವು ತೋರಿಸುವ ಆ ಸೌಜನ್ಯವನ್ನೇ ಮುಂದಿನ ಬೆಂಚಿನ ಮಗುವಿಗೂ ತೋರಿಸಬೇಕಾಗಿದೆ.

೫

ಇಂಗ್ಲಿಷಿನಲ್ಲಿ ಪುರುಷವನ್ನು ತಿಳಿಸುವ ಭಾರವೆಲ್ಲವೂ ಬಹುಮಟ್ಟಿಗೆ ಸರ್ವನಾಮದ ಮೇಲಿದೆ. ಕನ್ನಡದಲ್ಲಿ ಅದು ಎರಡು ಕಡೆ ಹಂಚಿಹೋಗಿದೆ. ಕೇಶಿರಾಜನು ೧೩ನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಪ್ರಥಮ, ಮಧ್ಯಮ, ಉತ್ತಮವೆಂಬ ಪುರುಷಗಳಿಗೂ ಏಕವಚನ ಬಹುವಚನಗಳಿಗೂ ತಕ್ಕಂತೆ ಆಖ್ಯಾತಪ್ರತ್ಯಯಗಳನ್ನು ಹೇಳಿದ್ದಾನೆ. ‘ಬರುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಾಗಿಲ್ಲ. ಆದುದರಿಂದ ಕನ್ನಡ ಮಗುವಿನ ಬಾಯಲ್ಲಿ ಸರ್ವನಾಮಗಳನ್ನು ಮಾತ್ರ ಎಣಿಸುವ ಪರೀಕ್ಷೆಯು ಅರ್ಧ ಪರೀಕ್ಷೆ. ‘ನಾ’ ‘ನೀ’ಗಳನ್ನು ಒಮ್ಮೆಯೂ ಆಡದ ಮಗುವು ತಾನು ಮನೆಗೆ ಹೋಗಬೇಕೆಂದಾಗ ‘ಮನಿಗೆ ಹೋಗ್ತಿ’ ಎಂದರೆ ಪಲ್ಲಟವು ಪ್ರತ್ಯಯದಲ್ಲಿದೆ. ಕ್ರಿಯಾಪದವು ವಾಕ್ಯದ ಕೊನೆಯಲ್ಲಿರುವುದರಿಂದ, ಬಾರ್ಟಕ್ ರಟರರ ಪರೀಕ್ಷೆಯನ್ನು ನೆನೆದರೆ, ಮಾರ್ದನಿಯಲ್ಲಿ ಉಳಿದುಕೊಳ್ಳಲು ಅನುಕೂಲವಾದ ಸ್ಥಾನವು ಈ ಪ್ರತ್ಯಯದ್ದೇ.

ಇಲ್ಲಿ ಪ್ರಾಂತಭೇದವೂ ಗಣ್ಯವಾದದ್ದು. ಹಳಗನ್ನಡದಲ್ಲಿ ‘ಬಂದೆಂ’ ಎಂದರೆ ಉತ್ತಮಪುರುಷ, ‘ಬಂದೆಯ್’ ಎಂದರೆ ಮಧ್ಯಮಪುರುಷ. ತುದಿಯ ಅಕ್ಷರಗಳು ಸವೆದ ಮೇಲೆ ಮೈಸೂರು ಕಡೆಯ ಮಾತಿನಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎಂದು ಎರಡೂ ಒಂದಾದವು. ಕಲಬುರಗಿಯ ಕಡೆ ‘ನಾ ಬಂದೆ’, ‘ನೀ ಬಂದಿ’ ಎಂದು ಭೇದವು ಉಳಿದಿದೆ. ಫಲವೇನೆಂದರೆ, ‘ಉಂಡೆಯಾ?’ ಎಂಬ ಪ್ರಶ್ನೆಗೆ ಮೈಸೂರಿನ ಮಗುವು ಪ್ರಶ್ನಾರ್ಥಕವನ್ನು ಬಿಟ್ಟು ಮಾರ್ದನಿಗೊಟ್ಟರೆ ‘ಉಂಡೆ’ ಎಂಬ ಶುದ್ಧವಾದ ಉತ್ತರವೇ ಆಗುವುದು, ಪಲ್ಲಟವಿದ್ದರೂ ಕಾಣದು. ‘ಉಂಡಿಯೇನು?’ ಎಂಬುದಕ್ಕೆ ಸೇಡಮಿನ ಮಗುವು ಹಾಗೆಯೇ ಮಾರ್ದನಿಗೊಟ್ಟರೆ ‘ಉಂಡಿ’ ಎಂದಾಗಿ, ಪಲ್ಲಟವು ಬಯಲಿಗೆ ಬರುವುದು. ಒಂದೇ ಬಗೆಯ ಮಗುವು ಒಂದು ಪ್ರಾಂತದಲ್ಲಿ ತಪ್ಪದಂತೆಯೂ ಇನ್ನೊಂದು ಪ್ರಾಂತದಲ್ಲಿ ತಪ್ಪಿದಂತೆಯೂ ತೋರಬಹುದು. ಒಂದು ಸೀಮೆಯ ಮಾತಿಗೆ ಹೊಲಿದ ಪ್ರಶ್ನಾವಳಿಯನ್ನು ಇನ್ನೊಂದು ಸೀಮೆಯ ಮಗುವಿಗೆ ತೊಡಿಸುವ ಮುನ್ನ ಇದನ್ನು ನೆನೆಯಬೇಕು.

ಕ್ಯಾನರನು ಕಂಡ ಇನ್ನೊಂದು ಲಕ್ಷಣವೂ, ಎಂದರೆ ಪ್ರಶ್ನೆಯನ್ನೇ ಮರಳಿ ಹೇಳಿ ಒಪ್ಪುವುದೂ, ಕನ್ನಡದಲ್ಲಿ ಅಷ್ಟು ವಿಚಿತ್ರವಲ್ಲ. ‘ಬೇಕೇನು?’ ಎಂದರೆ ‘ಬೇಕು’, ‘ಬಂದನೇ?’ ಎಂದರೆ ‘ಬಂದನು’ ಎಂದು ಕ್ರಿಯೆಯನ್ನೇ ಮರುನುಡಿದು ಒಪ್ಪುವುದು ನಮ್ಮ ಜನರ ಸಹಜವಾದ ಕ್ರಮ. ಮಾರ್ದನಿಗೂ ಉತ್ತರಕ್ಕೂ ನಡುವೆ ಇಂಗ್ಲಿಷಿನಲ್ಲಿರುವಷ್ಟು ದೂರವು ಕನ್ನಡದಲ್ಲಿಲ್ಲ. ಒಂದು ಪ್ರಶ್ನಾರ್ಥಕವನ್ನು ಕಳಚಿದರೆ ಎಷ್ಟೋ ಸಲ ಅದೇ ಇದಾಗುವುದು.

ಅದಕ್ಕಿಂತಲೂ ಉಪಯುಕ್ತವಾದದ್ದು ಇನ್ನೊಂದಿದೆ. ‘ಬೇಕು’, ‘ಬೇಡ’, ‘ಗೊತ್ತು’, ‘ಹಸಿವಾಗಿದೆ’, ‘ನೋಯುತ್ತದೆ’, ‘ಹೆದರಿಕೆಯಾಗುತ್ತದೆ’ ಇವುಗಳಿಗೆ ಅನುಭವಿಸುವವನ ಪುರುಷವನ್ನು ತಿಳಿಸುವ ಪ್ರತ್ಯಯವಿಲ್ಲ. ಅನುಭವಿಸುವವನು ‘ನನಗೆ’, ‘ನಿನಗೆ’ ಎಂದು ಚತುರ್ಥಿಯಲ್ಲಿ ನಿಲ್ಲುವನು, ಬೇಡವಾದರೆ ಆ ಪದವನ್ನು ಬಿಡಲೂ ಬಹುದು. ಮನುಷ್ಯನು ತನ್ನ ಒಳಗಿನ ಅಗತ್ಯವನ್ನೂ ನೋವನ್ನೂ ಹೇಳಿಕೊಳ್ಳುವುದಕ್ಕೆ ಬೇಕಾದ ಮುಖ್ಯ ಕ್ರಿಯೆಗಳಲ್ಲಿ ಬಹುಪಾಲು ಹೀಗೆ ಪುರುಷದ ಹಂಗಿಲ್ಲದವು. ‘ನಾನು’ ‘ನೀನು’ಗಳು ಇನ್ನೂ ವಶವಾಗದ ಮಗುವಿಗೂ ಕನ್ನಡವು ಒಂದು ಬಾಗಿಲನ್ನು ತೆರೆದಿಟ್ಟಿದೆ. ‘ನೀರು ಬೇಕು’, ‘ಹೊಟ್ಟಿ ನೋಯ್ತದ’ ಎಂಬಿವುಗಳಲ್ಲಿ ಪಲ್ಲಟಕ್ಕೆ ಅವಕಾಶವೇ ಇಲ್ಲ.

೬

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯು ೧೯೪೮ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಕನ್ನಡದೊಡನೆ ತೆಲುಗು, ದಖನಿ, ತಾಂಡಾಗಳ ಲಂಬಾಣಿ ಇವೆಲ್ಲವೂ ಅಲ್ಲಿಯ ಮಕ್ಕಳ ಕಿವಿಗೆ ಬೀಳುವುವು. ಪುರುಷವಾಚಕದ ವಿಷಯದಲ್ಲಿ ಈ ಭಾಷೆಗಳು ಒಂದೇ ಅಚ್ಚಿನವಲ್ಲ. ದಖನಿಯಲ್ಲಿ ‘ಮೈ ಆಯಾ’, ‘ತೂ ಆಯಾ’, ‘ವೋ ಆಯಾ’ ಎಂದು ಭೂತಕಾಲದ ಕ್ರಿಯೆಯು ಪುರುಷವನ್ನು ತೋರಿಸದು. ತೆಲುಗಿನಲ್ಲಿ ಕ್ರಿಯೆಯು ಪುರುಷವನ್ನು ತೋರಿಸುವುದಲ್ಲದೆ, ಕೇಳುವವನನ್ನು ಸೇರಿಸಿಕೊಂಡ ‘ಮನಮು’, ಬಿಟ್ಟ ‘ಮೇಮು’ ಎಂಬ ಭೇದವೂ ಉಂಟು. ಕನ್ನಡದ ‘ನಾವು’ ಎರಡಕ್ಕೂ ಒಂದೇ.

ಇಷ್ಟು ತೊಡಕಿನಲ್ಲಿ ಮಗುವಿಗೆ ಒಂದೇ ಭಾಷೆಯನ್ನು ಉಳಿಸಿ ಮಿಕ್ಕವನ್ನು ಬಿಡಿಸಬೇಕೆಂದು ಹಿತೈಷಿಗಳು ಹೇಳುವುದುಂಟು. ಆದರೆ ಎರಡು ಭಾಷೆಗಳ ನಡುವೆ ಬೆಳೆದ ಸ್ವಲೀನ ಮಕ್ಕಳನ್ನೂ ಒಂದೇ ಭಾಷೆಯಲ್ಲಿ ಬೆಳೆದವರನ್ನೂ ಹೋಲಿಸಿದ ಈಚಿನ ಸಂಶೋಧನೆಗಳಲ್ಲಿ ಎರಡನೆಯ ಭಾಷೆಯಿಂದ ಹಾನಿಯು ಕಂಡುಬಂದಿಲ್ಲ. ಅಜ್ಜಿಯು ತೆಲುಗಿನಲ್ಲಿ ಲಾಲಿಸುವ ಮಗುವಿನಿಂದ ತೆಲುಗನ್ನು ಕಿತ್ತುಕೊಂಡರೆ ಅಜ್ಜಿಯನ್ನೇ ಕಿತ್ತುಕೊಂಡಂತಾಗುವುದು.

ಮನೆಮಾತಿನ ಇನ್ನೊಂದು ಗುಣವನ್ನೂ ಗಮನಿಸಬೇಕು. ತಾಯಿಯು ಮಗನನ್ನು ‘ಬಾರಪ್ಪ’ ಎಂದೂ ಮಗಳನ್ನು ‘ಬಾರವ್ವ’ ಎಂದೂ ಕರೆಯುವಳು. ತಂದೆಯು ತನ್ನ ಹೆಂಡತಿಯನ್ನು ಮಗುವಿನ ಮುಂದೆ ‘ಅವ್ವ’ ಎನ್ನುವನು. ಬಂಧುವಾಚಕಗಳೂ ನಮ್ಮಲ್ಲಿ ಹೀಗೆ ಸ್ಥಾನ ಬದಲಿಸುವುವು. ಹೆಸರನ್ನು ಹಿಡಿದು ಮಾತಾಡುವ ಮಗುವು ಈ ಚಲಿಸುವ ಶಬ್ದಗಳ ನಡುವೆ ಕದಲದ ಒಂದೇ ಶಬ್ದವನ್ನು ಆರಿಸಿಕೊಂಡಿರುವುದು. ಅದರಲ್ಲಿ ಒಂದು ವಿವೇಕವಿದೆ.

೭

ಇನ್ನು ಉಪಾಧ್ಯಾಯರು ಮಾಡಬಹುದಾದುದೇನು? ಮೊದಲನೆಯದಾಗಿ, ಇಂತಹ ಮಗುವು ಗುರುಗಳನ್ನು ‘ನೀ’ ಎಂದರೆ ಅದನ್ನು ಅವಿನಯವೆಂದು ಎಣಿಸಬಾರದು. ‘ನೀವು’, ‘ಬರ್ರಿ’ ಎಂಬ ಗೌರವರೂಪಗಳು ಪುರುಷಪಲ್ಲಟದ ಮೇಲೆ ಇನ್ನೊಂದು ಪಲ್ಲಟವನ್ನು ಹೇರುವುವು: ಗುರುಗಳು ತನ್ನನ್ನು ‘ನೀ’ ಎಂದರೂ ತಾನು ಅವರನ್ನು ‘ನೀವು’ ಎನ್ನಬೇಕು. ಕೇಳಿದಂತೆ ನುಡಿಯುವ ಮಗುವಿಗೆ ಇದು ಇಮ್ಮಡಿ ಕಷ್ಟ. ಬೆತ್ತದಿಂದಾಗಲಿ ನಗೆಯಿಂದಾಗಲಿ ಅದು ತಿದ್ದದು.

ಎರಡನೆಯದಾಗಿ, ‘ನೀನು ಅನ್ನಬೇಡ, ನಾನು ಅನ್ನು’ ಎಂದು ತಿದ್ದುವುದರಿಂದ ತೊಡಕು ಹೆಚ್ಚುವುದು. ಆ ತಿದ್ದುಪಡಿಯ ವಾಕ್ಯದಲ್ಲಿಯೇ ಎರಡು ಸರ್ವನಾಮಗಳು ಕಚ್ಚಾಡುತ್ತಿವೆ. ಅದಕ್ಕೆ ಬದಲಾಗಿ, ಮಗುವು ಎತ್ತಿಕೊಂಡರೂ ಕೆಡದಂತಹ ವಾಕ್ಯವನ್ನು ಹಿರಿಯರೇ ಅದರ ಬಾಯ ಸ್ಥಾನದಿಂದ ಆಡಿ ಕೊಡಬೇಕು. ನೀರನ್ನು ಕೈಗಿಡುವಾಗ ‘ನಿನಗ ನೀರು ಬೇಕೇನು?’ ಎನ್ನುವುದಕ್ಕಿಂತ ‘ನೀರು ಬೇಕು’ ಎಂದೂ, ಅದು ನೆಲೆಗೊಂಡ ಮೇಲೆ ‘ನನಗ ನೀರು ಬೇಕು’ ಎಂದೂ ನುಡಿಯಬಹುದು. ಮಾರ್ದನಿಯು ಆಗ ದೋಷವಾಗಿ ಉಳಿಯದೆ ಉಪಕರಣವಾಗುವುದು.

ಮೂರನೆಯದಾಗಿ, ತನ್ನೊಡನೆ ಆಡುವ ಮಾತಿನಿಂದಲೇ ಮಗುವು ಸರ್ವನಾಮಗಳನ್ನು ಕಲಿಯದು. ಇಬ್ಬರು ತಮ್ಮತಮ್ಮೊಳಗೆ ಮಾತಾಡುವುದನ್ನು ಕೇಳಿದಾಗ ‘ನಾನು’ ಈ ಬಾಯಿಂದ ಆ ಬಾಯಿಗೆ ದಾಟುವುದು ಕಣ್ಣಿಗೆ ಕಾಣುವುದು. ಸ್ವಲೀನತೆಯಿಲ್ಲದ ಮಕ್ಕಳಲ್ಲಿ ಎರಡನೆಯವರಾಗಿ ಹುಟ್ಟಿದವರು ಸರ್ವನಾಮಗಳಲ್ಲಿ ಚೊಚ್ಚಲ ಮಕ್ಕಳಿಗಿಂತ ಮುಂದಿರುವುದನ್ನು ಯುರಿಕೋ ಓಶಿಮಾ-ಟಕಾನೆ ಮತ್ತು ಸಂಗಡಿಗರು ೧೯೯೬ರಲ್ಲಿ ತೋರಿಸಿದರು. ತಾಯಿಯೂ ಹಿರಿಯ ಮಗುವೂ ಆಡುವ ಮಾತು ಅವರ ಕಿವಿಗೆ ಬೀಳುವುದೇ ಅದಕ್ಕೆ ಕಾರಣವೆಂದು ಅವರು ಊಹಿಸಿದರು. ಇಬ್ಬರು ಬಾಲಕರು ‘ಈಗ ನನ್ನ ಪಾಳಿ’, ‘ಈಗ ನಿನ್ನ ಪಾಳಿ’ ಎಂದು ಆಡುವುದನ್ನು ಬದಿಯಲ್ಲಿ ಕುಳಿತು ನೋಡಲು ಇಂತಹ ಮಗುವಿಗೂ ಅವಕಾಶವಿರಲಿ. ಇದಕ್ಕೆ ಖರ್ಚಿಲ್ಲ, ಸಲಕರಣೆ ಬೇಕಾಗಿಲ್ಲ.

ತಜ್ಞರ ಸಹಾಯವನ್ನೂ ಮರೆಯತಕ್ಕದ್ದಲ್ಲ. ವಾಕ್ ಶ್ರವಣಗಳಿಗಾಗಿ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯಿದೆ. ೧೯೯೯ರ ರಾಷ್ಟ್ರೀಯ ನ್ಯಾಸದ ಕಾಯಿದೆಯೂ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಸ್ವಲೀನತೆಯನ್ನು ಹೆಸರಿಸಿ ಅಂಗೀಕರಿಸಿವೆ. ಆದರೆ ಸೇಡಮಿನಿಂದ ಮೈಸೂರು ರಾಜ್ಯದ ಇನ್ನೊಂದು ತುದಿ. ಅಲ್ಲಿಗೆ ಹೋಗುವ ಮುನ್ನವೂ ಹೋಗಿ ಬಂದ ಮೇಲೆಯೂ ಮಗುವಿನ ದಿನಗಳು ಕಳೆಯುವುದು ಮನೆಯಲ್ಲಿ ಮತ್ತು ಶಾಲೆಯಲ್ಲಿ.

ಮಳಖೇಡದ ಗ್ರಂಥವು ಸ್ವಲೀನ ಮಕ್ಕಳನ್ನು ಕುರಿತು ಬರೆದದ್ದಲ್ಲ. ಅದರ ಮೇಲೆ ಆ ಅರ್ಥವನ್ನು ಹೊರಿಸುವುದು ಸಾಹಸವಾದೀತು. ಆದರೂ ತನ್ನ ನುಡಿಯಲ್ಲಿ ಎಲ್ಲರೂ ಜಾಣರೆಂದು ಆ ನೆಲದಲ್ಲಿ ಒಬ್ಬನು ಬರೆದಿಟ್ಟ ಮೇಲೆ, ‘ನಿನಗ ನೀರು ಬೇಕೇನು?’ ಎಂದು ಕೇಳುತ್ತ ಒಂದು ಮಗುವು ಬಂದು ನಿಂತಾಗ, ಲೋಪವಾದ ‘ಅಂತ’ವನ್ನು ನಾವೇ ತುಂಬಿಕೊಂಡು, ಎದ್ದು ಹೋಗಿ ಒಂದು ಲೋಟ ನೀರನ್ನು ತಂದುಕೊಡುವುದು ಆ ನುಡಿಯನ್ನು ಓದಿದವರಿಗೆ ತಕ್ಕ ನಡೆ.